ಸ್ವಚ್ಛ ಪ್ರತಿ

ಕೀಬೋರ್ಡಿನ ಗುಂಡಿಗಳನ್ನೆಲ್ಲ ಕಿತ್ತು ಹಳೆಯ ಪತ್ರಿಕೆಯ ಮೇಲೆ ಹರಡಿ, ಒಳಗಿನ ತಟ್ಟೆಯನ್ನು ದೀಪದ ಬೆಳಕಿಗೆ ಹಿಡಿದಾಗ ಅವನಿಗೆ ಹೊಟ್ಟೆ ತೊಳಸಿತು. ಥೂ, ಯಾವ ಜನ್ಮದ ಕೊಳೆಯೋ ಇದು! ಸ್ಪ್ರಿಂಗುಗಳ ಬುಡದಲ್ಲಿ ಬಿಸ್ಕತ್ತಿನ ಪುಡಿ, ಅಂಟಂಟಾಗಿ ಕಂದುಗಟ್ಟಿದ ಚಹಾದ ತೊಟ್ಟು, ಹುಬ್ಬಿನದೋ ಮೂಗಿನದೋ ಹೇಳಲಾಗದ ಗಿಡ್ಡ ಕೂದಲು, ತಲೆಹೊಟ್ಟು, ಒಂದು ಮೂಲೆಯಲ್ಲಿ ಬಾಗಿಕೊಂಡು ಬಿದ್ದ ಉಗುರಿನ ತುಣುಕು. ಚಿಮಟದಲ್ಲಿ ಒಂದೊಂದನ್ನೇ ಎತ್ತಿ ಹಾಕುತ್ತಿದ್ದವನಿಗೆ, ತಾನು ಈ ಹೊಲಸಿನಲ್ಲಿ ಒಂದಾದರೂ ಉದ್ದ ಕೂದಲು ಸಿಕ್ಕೀತೇ ಎಂದು ಹುಡುಕುತ್ತಿದ್ದೇನೆ ಎಂಬುದು ಸ್ವಲ್ಪ ಹೊತ್ತಾದ ಮೇಲೆ ಹೊಳೆಯಿತು. ಸಿಕ್ಕಿದ್ದರೆ ಹೆಂಡತಿಯ ತಲೆಗೆ ಕಟ್ಟಬಹುದಿತ್ತು. ಸಿಗಲಿಲ್ಲ. ಎಲ್ಲವೂ ಗಿಡ್ಡವೇ, ಎಲ್ಲವೂ ಅವನದೇ. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ತಿಕ್ಕಿದ, ಮತ್ತೆ ತಿಕ್ಕಿದ. ಪಕ್ಕದ ಬೋಗುಣಿಯಲ್ಲಿ ಹೆಡ್‌ಫೋನಿನ ಕಿವಿಮೆತ್ತೆಗಳು ಸೋಪಿನ ನೀರಿನಲ್ಲಿ ನೆನೆಯುತ್ತ ಬಿದ್ದಿದ್ದವು, ಅವುಗಳಿಂದ ಹೊರಬಂದ ಜಿಡ್ಡು ನೀರಿನ ಮೇಲೆ ಬಣ್ಣ ಬಣ್ಣವಾಗಿ ತೇಲುತ್ತಿತ್ತು. ಅದನ್ನು ನೋಡಬಾರದೆಂದು ಅತ್ತ ಬೆನ್ನು ಹಾಕಿ ಕೂತ.

ಆ ಕೀಬೋರ್ಡನ್ನು ಮನೆಯಲ್ಲಿ ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ. ಮುಚ್ಚಿಹೋದ ಅಚ್ಚುಕೂಟವೊಂದರ ರದ್ದಿಯ ರಾಶಿಯಿಂದ ಎತ್ತಿ ತಂದದ್ದು. ಒಳಗೆ ಉಕ್ಕಿನ ತಟ್ಟೆ, ಒಂದೊಂದು ಗುಂಡಿಗೂ ಒಂದೊಂದು ಸ್ಪ್ರಿಂಗು. ಒತ್ತಿದರೆ ಟಕ್ಕೆಂದು ಇಡೀ ಕೋಣೆಗೆ ಕೇಳಬೇಕು, ಹಾಗಿತ್ತು. ಅದರ ಮುಂದೆ ಕಪ್ಪು ಪರದೆ, ಪರದೆಯ ಮೇಲೆ ಹಸಿರು ಅಕ್ಷರ. ಮೌಸನ್ನೇ ಮುಟ್ಟದೆ ಬರೆಯಬಹುದಾದ ಆ ಹಳೆಯ ಎಡಿಟರನ್ನು ಜಗತ್ತೆಲ್ಲ ಬಿಟ್ಟರೂ ಅವನು ಬಿಟ್ಟಿರಲಿಲ್ಲ. ವಿಮಾ ಕಚೇರಿಯಲ್ಲಿ ದಿನವಿಡೀ ಬೇರೆಯವರ ಬೆವರು ಅಂಟಿದ ಮೌಸು, ಎಂಜಲು ಹಾರಿದ ಪರದೆ ಮುಟ್ಟಿ ಮುಟ್ಟಿ ಸಾಕಾಗಿ ಮನೆಗೆ ಬಂದು, ಕೈಯನ್ನು ಮೊಣಕೈವರೆಗೆ ತೊಳೆದು, ಈ ಯಂತ್ರದ ಮುಂದೆ ಕೂತರೆ ಮಾತ್ರ ಅವನಿಗೆ ಉಸಿರು ಬಂದಂತಾಗುತ್ತಿತ್ತು. ಕಚೇರಿಯಲ್ಲಿ ಅವನ ಹೆಸರು ಡಬ್ಬಿ ಡಾಕ್ಟರ್. ಯಾರ ಡಬ್ಬಿ ಕೆಟ್ಟರೂ ಅವನೇ ಬರಬೇಕು, ಬಗ್ಗಿ ಮೇಜಿನಡಿ ತೂರಬೇಕು, ಅವರ ಚಪ್ಪಲಿಯ ಪಕ್ಕ ಮಂಡಿಯೂರಿ ವೈರು ಎಳೆಯಬೇಕು. ಕೆಲಸವಾದ ಮೇಲೆ ಡಾಕ್ಟರ್ರಿಗೆ ಒಂದು ಚಹಾ ಎಂದು ಯಾರಾದರೂ ಕೂಗುವರು, ಎಲ್ಲರೂ ನಗುವರು. ಆ ಚಹಾವನ್ನು ಅವನು ಒಮ್ಮೆಯೂ ಕುಡಿದವನಲ್ಲ. ಲೋಟದ ಅಂಚು ನೋಡಿದರೇ ಸಾಕಾಗುತ್ತಿತ್ತು.

ಮಾನಿಟರಿನ ಮೂಲೆಯಲ್ಲಿ ಪುಟ್ಟದೊಂದು ಚೌಕ ಮೂಡಿತು. ಅಡುಗೆಮನೆಯಿಂದ ಹೆಂಡತಿ ಕಳಿಸಿದ ಸಂದೇಶ: ‘ರೀ, ಹೊರಡೋ ಹೊತ್ತಾಗ್ತಾ ಬಂತು. ನನ್ನ ರೆಕಾರ್ಡಿಂಗ್‌ಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿದ್ರಾ? ಮೇಷ್ಟ್ರು ಮರೀದೆ ತನ್ನಿ ಅಂದಿದ್ದಾರೆ.’

ನಾಲ್ಕು ಹೆಜ್ಜೆ ಆಚೆಗಿರುವ ಹೆಂಡತಿ ಹೀಗೆ ಬರೆದು ಕೇಳುವುದು ಅವನಿಗೆ ರೂಢಿಯಾಗಿಹೋಗಿತ್ತು. ರೂಢಿಯೇನು ಬಂತು, ಹಿತವಾಗಿತ್ತು. ಅಕ್ಷರಕ್ಕೆ ಉಸಿರಿಲ್ಲ, ಎಂಜಲಿಲ್ಲ, ಗೊರಗೊರ ಇಲ್ಲ. ಅವಳು ಬಸ್‌ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ಹೊತ್ತು ಕೂಗುವ ಘೋಷಕಿ. ಕುತ್ತಿಗೆಯ ಗಡ್ಡೆ ತೆಗೆಯುವಾಗ ಧ್ವನಿಯ ನರಕ್ಕೆ ಏಟಾಗಿ, ಆಸ್ಪತ್ರೆಯಿಂದ ಬಂದವಳ ಬಾಯಲ್ಲಿ ಮಾತಿನ ಬದಲು ಹರಿದ ಚೀಲದಿಂದ ಗಾಳಿ ಬಂದಂಥ ಸದ್ದು ಬಂದಿತ್ತು. ಆಮೇಲೆ ಆ ಸದ್ದು ಗಂಡಸಿನ ಗಂಟಲಿಗೆ ಇಳಿಯಿತು, ನಡುನಡುವೆ ಕಫದಂತೆ ಏನೋ ಕಟ್ಟಿಕೊಳ್ಳುತ್ತಿತ್ತು. ಧ್ವನಿ ಚಿಕಿತ್ಸೆಗೆ ಹೋಗತೊಡಗಿದಳು. ಬಂದ ದೊಡ್ಡವರಿಗೆಲ್ಲ ಅ ಆ ಇ ಈ ಹೇಳಿಸುತ್ತಿದ್ದ ಆ ಚಿಕಿತ್ಸಕರನ್ನು ಎಲ್ಲರೂ ಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ದಿನಾ ಬೆಳಿಗ್ಗೆ ಒಂದೇ ಮಾತನ್ನು ಹೇಳಿ ರೆಕಾರ್ಡು ಮಾಡಿಟ್ಟುಕೊಳ್ಳಮ್ಮ, ಕೊನೆಗೆ ಎಲ್ಲ ಒಟ್ಟಿಗೆ ಕೇಳಿ ನಿಮ್ಮ ಕಚೇರಿಗೆ ಬರೆದುಕೊಡ್ತೀನಿ ಎಂದಿದ್ದರು ಅವರು. ಇವತ್ತೇ ಆ ಕೊನೆಯ ದಿನ. ಮೇಷ್ಟ್ರು ಬರೆದುಕೊಟ್ಟರೆ ಅವಳು ಮತ್ತೆ ಮೈಕಿನ ಮುಂದೆ. ಇಲ್ಲದಿದ್ದರೆ ನಿಲ್ದಾಣದ ಹಿಂಭಾಗದಲ್ಲಿ, ಪ್ರಯಾಣಿಕರು ಮರೆತು ಬಿಟ್ಟುಹೋದ ಕೊಡೆ ಚೀಲಗಳನ್ನು ಇಡುವ ಕಿಟಕಿಯಿಲ್ಲದ ಕೋಣೆಗೆ ಖಾಯಂ. ಮೇಲಧಿಕಾರಿ ಇದನ್ನು ಬಾಯಿಬಿಟ್ಟೇ ಹೇಳಿಬಿಟ್ಟಿದ್ದ.

ಒಂದೇ ಮಾತು ಅಂದರೆ ಅವಳ ಕೆಲಸದ ಮಾತೇ. ಪ್ರಯಾಣಿಕರ ಗಮನಕ್ಕೆ, ಬಸ್ಸು ಸ್ವಲ್ಪ ತಡವಾಗಿ ಹೊರಡಲಿದೆ, ಅಡಚಣೆಗಾಗಿ ವಿಷಾದಿಸುತ್ತೇವೆ. ದಿನಾ ಬೆಳಿಗ್ಗೆ ಅವನು ಹಲ್ಲುಜ್ಜುವ ಹೊತ್ತಿಗೆ ಪಕ್ಕದ ಕೋಣೆಯಿಂದ ಇದು ಶುರುವಾಗುತ್ತಿತ್ತು. ನಡುವಿನ ಗೋಡೆ ಹಲಗೆಯದು, ಕೆಮ್ಮಿದರೂ ಕೇಳುವಂಥದ್ದು. ಪ್ರಯಾಣಿಕರ ಎನ್ನುವಲ್ಲಿ ಗಂಟಲು ಒಮ್ಮೆ ಕಟ್ಟುವುದು, ಅದನ್ನು ಅವಳು ಖ್ಖ ಎಂದು ಎಳೆದುಕೊಳ್ಳುವುದು, ಮತ್ತೆ ಮೊದಲಿನಿಂದ. ಬಾಯಲ್ಲಿದ್ದ ಪೇಸ್ಟಿನ ನೊರೆಯನ್ನು ನುಂಗಿದೆನೇನೋ ಎನಿಸಿ ಅವನು ಉಗುಳುತ್ತಿದ್ದ. ಮೊದಮೊದಲು ಅವಳು ರೆಕಾರ್ಡು ಮಾಡಿದ್ದು ಅವನ ಮೈಕಿನಲ್ಲಿ. ಎಷ್ಟು ಅಕ್ಕರೆಯಿಂದ ತರಿಸಿಕೊಂಡಿದ್ದ ಮೈಕು ಅದು! ಅದರ ಮೂತಿಗೆ ಕಪ್ಪು ಸ್ಪಂಜಿನ ಟೋಪಿ. ಒಂದು ದಿನ ಆ ಸ್ಪಂಜು ತೇವವಾಗಿದೆ ಎನ್ನಿಸಿತು ಅವನಿಗೆ. ಬೆರಳಿಗೆ ತೇವ ತಾಗಿತೋ ಇಲ್ಲವೋ ಹೇಳಲಾರ, ಎನ್ನಿಸಿತು, ಅಷ್ಟೇ. ಸ್ಪಂಜನ್ನು ಡೆಟಾಲ್ ಹಾಕಿ ತೊಳೆದ, ಬಿಸಿಲಿಗಿಟ್ಟ, ಮೂಸಿ ನೋಡಿ ಮತ್ತೆ ತೊಳೆದ. ಸಂಜೆ ಬರುವಾಗ ಅಗ್ಗದ ಇನ್ನೊಂದು ಮೈಕು ತಂದು, ‘ನಿನಗೇ ಅಂತ ತಂದೆ, ಹೊಸದು’ ಎಂದು ಅವಳ ಕೈಗಿಟ್ಟ. ಅವಳ ಕಣ್ಣಲ್ಲಿ ನೀರು ತುಂಬಿತು. ಡಬ್ಬವನ್ನು ಸೆರಗಿನಿಂದ ಒರೆಸಿದಳು. ಆ ಡಬ್ಬ ಈಗಲೂ ಅವಳ ಕಪಾಟಿನಲ್ಲಿ ಸೀರೆಗಳ ಪಕ್ಕ ಕೂತಿದೆ. ಕಪಾಟು ತೆಗೆದಾಗಲೆಲ್ಲ ಅದು ಕಂಡು ಅವನಿಗೆ ತನ್ನ ಮೇಲೇ ಅಸಹ್ಯವಾಗುತ್ತದೆ, ಅಸಹ್ಯವಾದ ಸಿಟ್ಟಿಗೆ ಬಾಗಿಲನ್ನು ದಢಾರನೆ ಹಾಕುತ್ತಾನೆ.

ಆದರೂ ಅವಳಿಗೆ ಬೇಕಾದ ಏರ್ಪಾಟನ್ನೆಲ್ಲ ಮಾಡಿಕೊಟ್ಟವನು ಅವನೇ, ಇಲ್ಲ ಅನ್ನುವ ಹಾಗಿಲ್ಲ. ಅವಳ ಹಳೆಯ ಲ್ಯಾಪ್‌ಟಾಪಿನಲ್ಲಿ ಗುಂಡಿ ಒತ್ತಿದರೆ ರೆಕಾರ್ಡು ಶುರು. ನಿಲ್ಲಿಸುವುದನ್ನು ಮರೆಯುತ್ತಾಳೆಂದು ಒಂದು ನಿಮಿಷಕ್ಕೆ ತಾನೇ ನಿಲ್ಲುವ ಹಾಗೆ ಮಾಡಿದ್ದ. ಫೈಲು ನೇರವಾಗಿ ಅವನ ಯಂತ್ರದ ಫೋಲ್ಡರಿಗೆ ಬಂದು ಬೀಳುತ್ತಿತ್ತು. ದಿನಕ್ಕೊಂದು ಫೈಲು, ಎಲ್ಲಕ್ಕೂ ಅದೇ ಹೆಸರು, ಮುಂದೆ ತಾರೀಖು. ಒಂದನ್ನೂ ಅವನು ತೆರೆದು ಕೇಳಿರಲಿಲ್ಲ. ಗೋಡೆಯಾಚೆಯಿಂದ ಕೇಳಿದ್ದೇ ಸಾಲದೇ?

ಸೋಪಿನ ಕೈಯನ್ನು ಒರೆಸಿಕೊಂಡು, ಕಚೇರಿಯವರು ಬಿಸಾಡಿದ್ದ ತೆಳ್ಳಗಿನ ಪ್ಲಾಸ್ಟಿಕ್ ಕೀಬೋರ್ಡನ್ನು ಸಿಕ್ಕಿಸಿ, ಫೋಲ್ಡರು ತೆರೆದ. ಒಂದೇ ಒಂದು ಫೈಲಿತ್ತು.

ಬೇರೆ ಫೋಲ್ಡರು ತೆರೆದೆನೇ ಎಂದು ನೋಡಿದ. ಅಲ್ಲ, ಇದೇ. ಆಮೇಲೆ ಕಣ್ಣ ಮುಂದೆ ಬಂದದ್ದು ಇವತ್ತು ಬೆಳಿಗ್ಗೆ, ಕೀಬೋರ್ಡು ಬಿಚ್ಚುವ ಮುನ್ನ, ಕಪ್ಪು ಪರದೆಯ ತುದಿಯಲ್ಲಿ ಹಸಿರಾಗಿ ಮೂಡಿದ ಒಂದೇ ಪದ: ಸ್ವಚ್ಛವಾಯಿತು. ಆ ಪದ ತೋರಿಸಿದ ‘ಪೊರಕೆ’ ಅವನೇ ಬರೆದ ಪ್ರೋಗ್ರಾಂ. ಡಿಸ್ಕಿನ ತುಂಬ ಒಂದೇ ಸಾಮಾನಿನ ಹತ್ತು ನಕಲು ಬಿದ್ದಿರುವುದನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಆದ್ದರಿಂದ ಪೊರಕೆ ಒಂದೇ ತರಹದ ಫೈಲುಗಳನ್ನು ಗುಂಪು ಮಾಡಿ, ಅದರಲ್ಲಿ ಚೆನ್ನಾಗಿರುವ ಒಂದನ್ನಿಟ್ಟುಕೊಂಡು ಮಿಕ್ಕದ್ದನ್ನು ಗುಡಿಸಿ ಹಾಕುತ್ತಿತ್ತು. ಫೋಟೋ ಆದರೆ ಹೆಚ್ಚು ಸ್ಪಷ್ಟವಾದದ್ದು, ಧ್ವನಿಯಾದರೆ ಗದ್ದಲ ಕಡಿಮೆ ಇರುವುದು. ಕೆಲಸ ಬೇಗ ಮುಗಿಯಲೆಂದು ತಾರೀಖು ಬಿಟ್ಟು ಹೆಸರು, ಉದ್ದ, ಅಳತೆ ಒಂದೇ ಇದ್ದರೆ ಒಳಗಿರುವುದೂ ಒಂದೇ ಹೌದೋ ಅಲ್ಲವೋ ಎಂದು ನೋಡುವ ಗೋಜಿಗೇ ಅದು ಹೋಗುತ್ತಿರಲಿಲ್ಲ. ಆ ಚುರುಕಿನ ಬಗ್ಗೆ ಅವನಿಗೆ ಎಷ್ಟು ಹೆಮ್ಮೆ! ತನ್ನಂಥವರೇ ಸೇರುವ ಅಂತರ್ಜಾಲದ ಹರಟೆಕಟ್ಟೆಯಲ್ಲಿ ಅದನ್ನು ಹಂಚಿಕೊಂಡಿದ್ದ, ಮುಖ ಕಾಣದ ಗೆಳೆಯರು ಭಲೇ ಎಂದಿದ್ದರು. ದಿನಾ ಒಂದೇ ಮಾತು, ಒಂದೇ ನಿಮಿಷ. ಪೊರಕೆಗೆ ಅವೆಲ್ಲ ನಕಲಾಗಿ ಕಂಡವು. ಬೆಳಿಗ್ಗೆ ಬೆಳಿಗ್ಗೆ ಎದ್ದು ಕೂತು, ಗಂಟಲು ಹರಿದುಕೊಂಡು, ಅಕ್ಷರ ಅಕ್ಷರವಾಗಿ ಅವಳು ವಾಪಸು ತಂದುಕೊಂಡದ್ದೆಲ್ಲ ಕಸ.

ಬ್ಯಾಕಪ್ಪಿನ ಡಿಸ್ಕು ಸಿಕ್ಕಿಸಿದ. ಅಲ್ಲೂ ಒಂದೇ. ಇಲ್ಲಿದ್ದದ್ದು ಅಲ್ಲಿರಬೇಕು, ಇಲ್ಲಿಲ್ಲದ್ದು ಅಲ್ಲೂ ಇರಕೂಡದು ಎಂದು ಅದಕ್ಕೆ ಶಿಸ್ತು ಕಲಿಸಿದವನು ಅವನೇ. ಅಳಿಸಿದ್ದನ್ನು ಹೆಕ್ಕಿ ತರುವ ಸಾಫ್ಟ್‌ವೇರನ್ನು ಬಿಟ್ಟು ನೋಡಿದ, ಅದು ಸೊನ್ನೆ ತೋರಿಸಿತು. ಹಳೆಯ ಕಾಲದ ಗಿರಗಿರ ತಿರುಗುವ ಡಿಸ್ಕಾಗಿದ್ದರೆ ಏನಾದರೂ ಉಳಿದಿರುತ್ತಿತ್ತು. ಇದು ಅವನ ಮುದ್ದಿನ ಎಸ್‌ಎಸ್‌ಡಿ, ಅಳಿಸು ಎಂದರೆ ಜಾಗವನ್ನೇ ಒರೆಸಿಡುವಂಥದ್ದು. ಎಷ್ಟು ಅಚ್ಚುಕಟ್ಟು ಎಂದು ಮೆಚ್ಚಿಕೊಂಡಿದ್ದ. ಅವನ ಅಂಗೈ ಬೆವರಿತು, ಪ್ಲಾಸ್ಟಿಕ್ ಗುಂಡಿಗಳ ಮೇಲೆ ಬೆರಳು ಜಾರತೊಡಗಿದವು.

ಹೇಳಿಬಿಡಬೇಕು. ಎದ್ದು ಅಡುಗೆಮನೆಗೆ ಹೋಗಿ, ತಪ್ಪಾಯ್ತು ಕಣೇ, ಎಲ್ಲ ಹೋಯ್ತು ಎನ್ನಬೇಕು. ಎದ್ದ. ಬಾಗಿಲ ಸಂದಿಯಿಂದ ಕಂಡಳು. ಒಳ್ಳೆಯ ಸೀರೆ ಉಟ್ಟು, ಕುತ್ತಿಗೆಯ ಗಾಯದ ಗುರುತು ಕಾಣದ ಹಾಗೆ ಸೆರಗನ್ನು ಸುತ್ತಿಕೊಂಡು, ಮೇಜಿನ ಮುಂದೆ ಕೂತು ಬಿಸಿನೀರನ್ನು ಗುಟುಕು ಗುಟುಕಾಗಿ ಕುಡಿಯುತ್ತಿದ್ದಳು. ಗುಟುಕಿಗೊಮ್ಮೆ ಆ ಗುರುತು ಮೇಲಕ್ಕೇರಿ ಕೆಳಕ್ಕಿಳಿಯುತ್ತಿತ್ತು. ಅವನು ಹೇಸಿ ಮುಖ ತಿರುಗಿಸಿದ. ಇಂಥ ಹೊತ್ತಿನಲ್ಲೂ! ಛೇ, ಮನುಷ್ಯನೇ ಅಲ್ಲ ನಾನು ಎಂದು ಬೈದುಕೊಂಡ, ಬೈದುಕೊಂಡು ಅದೇ ಕಾರಣಕ್ಕೆ ವಾಪಸು ಬಂದು ಕುರ್ಚಿಯಲ್ಲಿ ಕೂತ.

ಕೂತಾಗ ಉಪಾಯ ಹೊಳೆಯಿತು. ಒಂದು ಉಳಿದಿದೆಯಲ್ಲ. ಪೊರಕೆ ಇಟ್ಟುಕೊಂಡದ್ದು ಅಂದರೆ ಇದ್ದುದರಲ್ಲಿ ಅತ್ಯಂತ ಸ್ವಚ್ಛವಾದದ್ದೇ ಇರಬೇಕು. ಅದೇ ಇವತ್ತಿನ ಧ್ವನಿ ಎಂದರಾಯಿತು. ಅದನ್ನೇ ಕೆಡಿಸಿ ಆರಂಭದ ದಿನದ್ದು, ಅರ್ಧ ಕೆಡಿಸಿ ನಡುವಿನ ದಿನದ್ದು ಮಾಡಿದರೆ ಯಾರಿಗೆ ಗೊತ್ತಾಗುತ್ತದೆ? ಕೆಡಿಸುವ ಸಾಫ್ಟ್‌ವೇರಿಗೆ ಅವನಲ್ಲಿ ಬರವೇ! ಧ್ವನಿಯ ಫೈಲನ್ನು ತೆರೆದ. ಪರದೆಯ ಉದ್ದಕ್ಕೂ ಅಲೆಗಳು ಬಿಡಿಸಿಕೊಂಡವು. ತುಸು ಸಣ್ಣವು, ಆದರೆ ಬಿಡಿಬಿಡಿಯಾಗಿ, ತೊಳೆದಿಟ್ಟ ಹಾಗೆ. ನಡುನಡುವೆ ನಿಶ್ಶಬ್ದ. ತಾರೀಖು ಮಧ್ಯದ ಯಾವುದೋ ದಿನದ್ದು. ಅಷ್ಟು ಬೇಗ ಇಷ್ಟು ಚೆನ್ನಾಗಿ ಮಾತಾಡಿದ್ದಳೇ ಎಂದು ಒಂದು ಗಳಿಗೆ ಖುಷಿಯೂ ಆಯಿತು. ಕೇಳಿ ನೋಡಬೇಕಿತ್ತು. ಹೆಡ್‌ಫೋನಿನ ಮೆತ್ತೆ ಬೋಗುಣಿಯಲ್ಲಿತ್ತು. ಸ್ಪೀಕರಿನಲ್ಲಿ ಹಾಕಿದರೆ ಅಡುಗೆಮನೆಗೆ ಕೇಳುತ್ತಿತ್ತು. ಮೆತ್ತೆಯಿಲ್ಲದೆಯೇ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಳ್ಳಬಹುದಿತ್ತು, ಕೈ ಅದರತ್ತ ಹೋಯಿತು ಕೂಡ. ಆ ಖ್ಖ ಎನ್ನುವುದು ನೇರ ಕಿವಿಯೊಳಗೆ ಬಂದು ಬೀಳುವುದನ್ನು ನೆನೆದೊಡನೆ ಕೈ ಹಿಂದಕ್ಕೆ ಬಂತು. ಬೇಡ, ಅಲೆ ನೋಡಿದರೆ ಸಾಕು. ಧ್ವನಿಗೆ ನನಗೆ ಕಿವಿ ಬೇಡ, ಕಣ್ಣು ಸಾಕು ಎಂದು ಹರಟೆಕಟ್ಟೆಯಲ್ಲಿ ಕೊಚ್ಚಿಕೊಂಡವನಲ್ಲವೇ. ಅಲೆಯನ್ನು ಎತ್ತರಿಸಿ ಒಂದು ಪ್ರತಿ ಮಾಡಿದ, ಅದಕ್ಕೆ ‘ಈಗ’ ಎಂದು ಹೆಸರಿಟ್ಟ. ಇನ್ನೊಂದಕ್ಕೆ ಒರಟುತನ ಸೇರಿಸಿ, ಧ್ವನಿ ತಗ್ಗಿಸಿ ‘ನಡುವೆ’ ಎಂದ. ಮೂರನೆಯದನ್ನು ಚಿಂದಿ ಮಾಡಿ ‘ಆರಂಭ’ ಎಂದ. ಎಷ್ಟು ಸಲೀಸಾಗಿ ಆಗಿಹೋಯಿತು ಎಂದರೆ, ಕೆಲಸದ ಅಚ್ಚುಕಟ್ಟಿಗೆ ಅವನಿಗೆ ಒಳಗೊಳಗೇ ಸಮಾಧಾನವೂ ಆಯಿತು.

ಅಷ್ಟರಲ್ಲಿ ಅಕ್ಕನ ಫೋನು. ಬೇರೆ ಊರಲ್ಲಿರುವ ಅಕ್ಕ ದಿನಾ ಬೆಳಿಗ್ಗೆ ಫೋನು ಮಾಡದೆ ಬಿಟ್ಟವಳಲ್ಲ.

‘ಇವತ್ತೇ ಅಲ್ವೇನೋ ಅವಳದು? ಏನಂತೆ, ಬರೆದುಕೊಡ್ತಾರಂತಾ?’

‘ಹೊರಟಿದೀವಿ ಅಕ್ಕಾ. ಆಮೇಲೆ ಮಾತಾಡ್ತೀನಿ.’

‘ಈಗ್ಲಾದ್ರೂ ಸ್ವಲ್ಪ ಪರವಾಗಿಲ್ವಾ ಆ ಗಂಟಲು? ನೀನು ಅವತ್ತು ಅಷ್ಟೊಂದು ಬೇಜಾರು ಮಾಡ್ಕೊಂಡು ಮಾತಾಡಿದ್ದೆ ನೋಡು, ನನಗೆ ಆವತ್ತಿಂದ ಮನಸ್ಸಿಗೆ ಸಮಾಧಾನಾನೇ ಇಲ್ಲ ಕಣೋ. ಕಟ್ಕೊಂಡವಳ ಬಗ್ಗೆ ಹಾಗೆಲ್ಲ ಅನ್ಬಾರ್ದು, ಪಾಪ.’

‘ಯಾವತ್ತು? ಏನಂದೆ ನಾನು?’

‘ಹೋಗ್ಲಿ ಬಿಡು, ಹೊರಡೋ ಹೊತ್ತಲ್ಲಿ ಅದೆಲ್ಲ ಯಾಕೆ.’

ಅಕ್ಕನಿಗೆ ಬೇರೆ ಕಸುಬಿಲ್ಲ ಎಂದುಕೊಂಡು ಪೆನ್‌ಡ್ರೈವನ್ನು ಕಿಸೆಗೆ ಹಾಕಿದ.

ನಿಲ್ದಾಣಕ್ಕೆ ಹೋಗಿ ಬಸ್ಸು ಕಾದರು. ಹೊಗೆ, ಬಾಳೆಹಣ್ಣಿನ ಸಿಪ್ಪೆ, ಕಂಬದ ಬುಡಕ್ಕೆ ಉಗಿದದ್ದು. ಅವನು ಕಾಲು ಎಲ್ಲಿಡಲಿ ಎಂದು ನೋಡುತ್ತ ನಿಂತಿದ್ದರೆ ಅವಳು ತವರಿಗೆ ಬಂದವಳ ಹಾಗೆ ಸುತ್ತ ಕಣ್ಣಾಡಿಸುತ್ತಿದ್ದಳು. ಕಡಲೆಕಾಯಿ ಮಾರುವವನು ಕೈ ಎತ್ತಿ, ‘ಯಾವಾಗ ಬರ್ತೀರಕ್ಕಾ? ಈ ಹೊಸ ಹುಡುಗಿ ಕೂಗೋದು ಒಂದಕ್ಷರ ತಿಳಿಯಲ್ಲ!’ ಎಂದ. ಅವಳು ನಕ್ಕು ಕೈಸನ್ನೆಯಲ್ಲೇ ಬರ್ತೀನಿ ಎಂದಳು. ಮೇಲಿನ ಭೋಂಗಾದಲ್ಲಿ ಹೊಸ ಹುಡುಗಿ ಅಡಚಣೆಗಾಗಿ ವಿಷಾದಿಸುತ್ತಿದ್ದಳು. ಅದರ ಜೊತೆಗೆ ತುಟಿಯನ್ನಷ್ಟೇ ಆಡಿಸುತ್ತಿದ್ದ ಹೆಂಡತಿಯನ್ನು ಅವನು ಓರೆಗಣ್ಣಿನಲ್ಲಿ ನೋಡಿದ. ಎಷ್ಟು ಕಾಲವಾಯಿತು ಇವಳು ಬಾಯಿಬಿಟ್ಟು ನನ್ನೊಡನೆ ಮಾತಾಡಿ? ಊಟಕ್ಕೆ ಕೂತಾಗ ಏನಾದರೂ ಹೇಳುತ್ತಿದ್ದವಳು ಇದ್ದಕ್ಕಿದ್ದಂತೆ ಒಂದು ದಿನ ನಿಲ್ಲಿಸಿದ್ದಳು. ಗಂಟಲಿಗೆ ವಿಶ್ರಾಂತಿ ಕೊಡಿ ಎಂದು ಮೇಷ್ಟ್ರು ಹೇಳಿರಬೇಕು ಅಂದುಕೊಂಡು ಅವನು ಕೇಳಲೂ ಹೋಗಿರಲಿಲ್ಲ. ಕೇಳಿದರೆ ಎಲ್ಲಿ ಉತ್ತರ ಕೊಟ್ಟುಬಿಡುತ್ತಾಳೋ ಎಂದು. ಆಮೇಲೆ ಅವಳು ಅಭ್ಯಾಸದ ಕೋಣೆಯ ಬಾಗಿಲಿಗೆ ಹಳೆಯ ಕಂಬಳಿ ಕೂಡ ಇಳಿಬಿಟ್ಟಿದ್ದಳು. ಅದಾದ ಮೇಲೆ ಬೆಳಿಗ್ಗೆ ಹಲ್ಲುಜ್ಜುವಾಗ ಏನೂ ಕೇಳಿಸುತ್ತಿರಲಿಲ್ಲ. ಅಬ್ಬ ಎನ್ನಿಸಿತ್ತು ಅವನಿಗೆ.

ಬಸ್ಸಿನಲ್ಲಿ ಪಕ್ಕ ಪಕ್ಕ ಕೂತಾಗ ಹೇಳಲು ಇನ್ನೊಂದು ಅವಕಾಶವಿತ್ತು. ‘ನೋಡು’ ಎಂದ. ಅವಳು ತಿರುಗಿದಳು. ಕಣ್ಣಲ್ಲಿ ಪರೀಕ್ಷೆಗೆ ಹೊರಟವರ ಹೆದರಿಕೆಯೂ ಆಸೆಯೂ ಇದ್ದವು. ‘ಕಿಟಕಿ ಹಾಕ್ಲಾ? ಧೂಳು’ ಎಂದುಬಿಟ್ಟ. ಅವಳು ತಲೆಯಾಡಿಸಿದಳು. ಅವನೇ ಎದ್ದು ಕರ್ಚೀಫು ಸುತ್ತಿದ ಕೈಯಿಂದ ಕಿಟಕಿ ಎಳೆದ.

ಮೇಷ್ಟ್ರ ಕೋಣೆ ಒಂದು ಔಷಧಿ ಅಂಗಡಿಯ ಮೇಲಿತ್ತು. ಗೋಡೆಯಲ್ಲಿ ಗಂಟಲನ್ನು ಉದ್ದಕ್ಕೆ ಸೀಳಿ ತೋರಿಸಿದ ಬಣ್ಣದ ಚಿತ್ರ, ಕೆಂಪು, ಹಸಿ. ಅವನು ಅದಕ್ಕೆ ಬೆನ್ನಾಗುವ ಕುರ್ಚಿಯನ್ನು ಆರಿಸಿಕೊಂಡ. ಮೇಷ್ಟ್ರಿಗೆ ನೆಗಡಿಯಾಗಿತ್ತು. ಕರವಸ್ತ್ರದಲ್ಲಿ ಮೂಗನ್ನು ಸದ್ದು ಮಾಡಿ ಒರೆಸಿ, ಅದೇ ಕೈಯಲ್ಲಿ ಪೆನ್‌ಡ್ರೈವು ಇಸಿದುಕೊಂಡರು. ಇನ್ನು ಅದನ್ನು ವಾಪಸು ತೆಗೆದುಕೊಳ್ಳುವುದಿಲ್ಲ ಎಂದು ಅವನು ಆಗಲೇ ತೀರ್ಮಾನಿಸಿದ.

‘ಇಷ್ಟು ದಿನ ಮಾಡಿದ್ದು ಮೂರೇ ಫೈಲಾ?’ ಎಂದರು ಮೇಷ್ಟ್ರು.

‘ಎಲ್ಲ ಕೇಳೋಕೆ ನಿಮಗೆ ಹೊತ್ತಾಗುತ್ತಲ್ಲ ಸಾರ್. ಆಯ್ದು ತಂದಿದೀನಿ’ ಎಂದ. ಹೆಂಡತಿ ಅವನತ್ತ ನೋಡಿದಳು. ಕೃತಜ್ಞತೆಯೋ ಅನುಮಾನವೋ ತಿಳಿಯಲಿಲ್ಲ.

ಮೊದಲನೆಯದು ಶುರುವಾಯಿತು. ಸ್ಪೀಕರಿನಿಂದ ಬಂದದ್ದು ಮಾತೇ ಅಲ್ಲ, ನೀರಿನಡಿಯಲ್ಲಿ ಯಾರೋ ಹಲಗೆ ಎಳೆದ ಹಾಗೆ ಗರಗರ. ತಾನು ಕೆಡಿಸಿದ್ದು ತುಸು ಜಾಸ್ತಿಯೇ ಆಯಿತೇನೋ ಎಂದುಕೊಂಡ. ಮೇಷ್ಟ್ರು ತಲೆ ಅಲ್ಲಾಡಿಸುತ್ತ, ‘ಅಯ್ಯೋ ಪಾಪ, ಹೀಗಿತ್ತಲ್ಲಮ್ಮಾ. ಎಷ್ಟು ಕಷ್ಟಪಟ್ಟಿದ್ದೀಯ’ ಎಂದರು. ಅವಳ ಹುಬ್ಬು ಗಂಟಿಕ್ಕಿತು. ತಲೆಯನ್ನು ಒಂದು ಕಡೆ ವಾಲಿಸಿ ಕೇಳುತ್ತಿದ್ದಳು, ನಿಲ್ದಾಣದಲ್ಲಿ ದೂರದ ಬಸ್ಸಿನ ಸದ್ದನ್ನು ಗುರುತಿಸುವವಳ ಹಾಗೆ.

ಎರಡನೆಯದು. ಗರಗರದ ನಡುವೆ ಇಲ್ಲೊಂದು ಅಲ್ಲೊಂದು ಮಾತು ತಲೆ ಎತ್ತಿತು. ಹಿನ್ನೆಲೆಯಲ್ಲಿ ಟಕ್, ಟಕ್ ಟಕ್ ಎಂದು ಏನೋ ಬಡಿಯುತ್ತಿತ್ತು. ಅವನಿಗೆ ಮೊದಲು ಗುರುತು ಹತ್ತಿದ್ದು ಆ ಟಕ್ ಟಕ್. ಜಗತ್ತಿನಲ್ಲಿ ಬೇರಾವುದೂ ಹಾಗೆ ಸದ್ದು ಮಾಡುವುದಿಲ್ಲ. ಅದು ಅವನದೇ ಕೀಬೋರ್ಡು.

‘ಇದರಲ್ಲಿ ಪರವಾಗಿಲ್ಲ, ಸ್ವಲ್ಪ ಸ್ವಲ್ಪ ತಿಳಿಯುತ್ತೆ’ ಎಂದರು ಮೇಷ್ಟ್ರು, ಕಿವಿ ಹತ್ತಿರ ತಂದು. ‘ಆದ್ರೆ ಹೊಟ್ಟೆ ಅಂತೇನೋ ಕೇಳಿಸ್ತಲ್ಲ? ನೀನು ಹೇಳೋ ವಾಕ್ಯದಲ್ಲಿ ಹೊಟ್ಟೆ ಎಲ್ಲಿಂದ ಬಂತಮ್ಮಾ?’

ಅವನು ಎದ್ದು ನಿಂತ. ‘ಸಾರ್, ಫೈಲು ಅದಲುಬದಲಾಗಿದೆ. ಕೊಡಿ ಇಲ್ಲಿ, ನಾಳೆ ಸರಿಯಾದ್ದು ತರ್ತೀನಿ’ ಎಂದು ಮೌಸಿನ ಕಡೆ ಕೈ ಚಾಚಿದ.

‘ಇರಲಿ ಸಾರ್. ಪೂರ್ತಿ ಕೇಳೋಣ.’

ಯಾರು ಹೇಳಿದರೆಂದು ಅವನು ಬಾಗಿಲ ಕಡೆ ನೋಡಿದ. ಹೊಸಬರು ಯಾರೋ ಒಳಗೆ ಬಂದಿರಬೇಕು ಅನ್ನಿಸಿತ್ತು. ಯಾರೂ ಬಂದಿರಲಿಲ್ಲ. ಅಷ್ಟು ತಿಳಿಯಾಗಿ, ಅಷ್ಟು ಗಟ್ಟಿಯಾಗಿ ಮಾತಾಡಿದವಳು ಅವಳೇ. ಅವನು ಕೂತ.

ಮೂರನೆಯದರಲ್ಲಿ ಯಾವ ಗದ್ದಲವೂ ಇರಲಿಲ್ಲ. ಪೊರಕೆ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತ್ತು. ಅವಳ ಒಡಕು ಉಸಿರನ್ನು, ಅವಳ ಕಟ್ಟಿದ ಗಂಟಲನ್ನು ಅದು ಗದ್ದಲವೆಂದು ಎಣಿಸಿ, ಅವಳು ಬಾಯಿಯೇ ತೆರೆಯದ ಒಂದು ದಿನವನ್ನು ಆರಿಸಿಟ್ಟುಕೊಂಡಿತ್ತು. ಕುರ್ಚಿ ಎಳೆದ ಸದ್ದು, ಆಮೇಲೆ ನಿಶ್ಶಬ್ದ, ಆಮೇಲೆ ಹಲಗೆಯ ಗೋಡೆಯಾಚೆಯಿಂದ ಟಕ್ ಟಕ್ ಎಂಬ ಸದ್ದಿನ ನಡುವೆ ಗಂಡಸಿನ ಧ್ವನಿ. ತುಸು ಮೂಗಿನಲ್ಲಿ ಆಡುವ, ತನ್ನ ಮಾತಿಗೆ ತಾನೇ ಮೆಚ್ಚಿಕೊಳ್ಳುವ ಧ್ವನಿ. ಇಷ್ಟು ಅಸಹ್ಯವಾಗಿರುತ್ತದೆಯೇ ನನ್ನ ಧ್ವನಿ ಎಂದು ಅವನಿಗೆ ಮೊದಲು ಅನ್ನಿಸಿದ್ದು ಅಷ್ಟೇ. ಮಾತಿನ ಅರ್ಥ ಆಮೇಲೆ ಬಂತು.

‘ಅವಳು ಬಾಯಿ ತೆರೆದ್ರೆ ಸಾಕು, ನನಗೆ ಹೊಟ್ಟೆ ತೊಳಸುತ್ತೆ ಅಕ್ಕಾ. ನಿಜ ಹೇಳ್ತೀನಿ. ಊಟಕ್ಕೆ ಕೂತಾಗ ಎಲ್ಲಿ ಮಾತಾಡಿಸ್ತಾಳೋ ಅಂತ ತಲೆ ತಗ್ಗಿಸ್ಕೊಂಡೇ ತಿಂತೀನಿ... ಇಲ್ಲ, ಅದೆಲ್ಲ ಸರಿಹೋಗಲ್ಲ, ಸುಮ್ನೆ ಅವಳ ಸಮಾಧಾನಕ್ಕೆ... ಹೊಸ ಮೈಕು ತಂದುಕೊಟ್ಟೆನಲ್ಲ, ಪ್ರೀತಿಗೆ ತಂದೆ ಅಂದ್ಕೊಂಡು ಅತ್ತುಬಿಟ್ಳು. ಹ್ಞಾಂ? ನನ್ನ ಮೈಕಿಗೆ ಅವಳ ಉಗುಳು ತಾಗಬಾರ್ದು ಅಂತ ಅಕ್ಕಾ, ಇನ್ನೇನು!’ ಆಮೇಲೆ ನಗು. ಒಂದು ನಿಮಿಷ ತುಂಬಿ ರೆಕಾರ್ಡು ತಾನಾಗಿ ನಿಂತಿತು. ಅವನೇ ಮಾಡಿಟ್ಟ ಏರ್ಪಾಟು ಅದು.

ಮೇಷ್ಟ್ರು ಮೂಗು ಒರೆಸಿಕೊಳ್ಳುವುದನ್ನೂ ಮರೆತು ಕೂತಿದ್ದರು. ‘ಇದು ಯಾರ ಧ್ವನಿಯಮ್ಮಾ?’ ಎಂದರು.

‘ಪಕ್ಕದ ಕೋಣೆಯವರದು ಸಾರ್’ ಎಂದಳು ಅವಳು. ‘ಅವತ್ತು ಒಂದು ದಿನ ನನಗೆ ಅಭ್ಯಾಸ ಮಾಡೋಕಾಗಲಿಲ್ಲ.’

‘ಮಿಕ್ಕ ದಿನಗಳದ್ದು?’ ಎಂದು ಮೇಷ್ಟ್ರು ಅವನನ್ನೇ ಕೇಳಿದರು. ಕಳೆದುಹೋಯಿತು, ವೈರಸ್ಸು ಬಂತು, ಡಿಸ್ಕು ಕೆಟ್ಟಿತು. ನಾಲಿಗೆಯ ತುದಿಗೆ ಬಂದ ಒಂದೊಂದೂ ಅಲ್ಲೇ ಅಂಟಿಕೊಂಡಿತು. ‘ಅಳಿಸಿಬಿಟ್ಟೆ’ ಎಂದ. ‘ಎಲ್ಲಾನೂ?’ ಎಂದರು ಮೇಷ್ಟ್ರು. ‘ಎಲ್ಲಾನೂ ಒಂದೇ ಅಂತ...’ ಎಂದು ನಿಲ್ಲಿಸಿದ.

ಅವಳು ಅವನತ್ತ ತಿರುಗಲಿಲ್ಲ. ಸೆರಗನ್ನು ಕುತ್ತಿಗೆಯಿಂದ ಬಿಡಿಸಿ ಹಿಂದಕ್ಕೆ ಹಾಕಿದಳು. ಗಾಯದ ಗುರುತು ಬೆಳಕಿಗೆ ಬಿತ್ತು, ತಿಳಿಗೆಂಪಿನ ತೆಳುವಾದ ಗೆರೆ, ಅವನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಷ್ಟು ದೊಡ್ಡದೇನೂ ಅಲ್ಲ. ‘ಮೊದಲ ದಿನ ನೀವೇ ಇಲ್ಲಿ ನನ್ನ ಧ್ವನಿ ತಗೊಂಡಿದ್ರಲ್ಲ ಸಾರ್. ಅದನ್ನ ಹಾಕಿ. ಈಗಿನದ್ದು ನಾನೇ ಹೇಳ್ತೀನಿ’ ಎಂದು ಎದ್ದು ನಿಂತಳು. ಮೊದಲ ದಿನದ್ದು ಮೇಷ್ಟ್ರ ಕಪಾಟಿನಲ್ಲೇ ಇತ್ತು. ಅವನು ಇಷ್ಟೆಲ್ಲ ಮೋಸ ಮಾಡುವ ಅಗತ್ಯವೇ ಇರಲಿಲ್ಲ. ಅದು ಮುಗಿದ ಮೇಲೆ ಅವಳು ಹೇಳಿದಳು, ‘ಪ್ರಯಾಣಿಕರ ಗಮನಕ್ಕೆ.’ ಕೆಳಗಿನ ಔಷಧಿ ಅಂಗಡಿಯಲ್ಲಿ ಯಾರೋ ಮಾತು ನಿಲ್ಲಿಸಿದರು. ಎಲ್ಲೂ ಕಟ್ಟಲಿಲ್ಲ, ಎಲ್ಲೂ ಒಡೆಯಲಿಲ್ಲ. ಮೊದಲಿಗಿಂತ ತುಸು ಭಾರವಾಗಿತ್ತು ಧ್ವನಿ, ಆ ಭಾರ ಅದಕ್ಕೆ ಒಪ್ಪಿತ್ತು. ಕಂಬಳಿಯ ಹಿಂದೆ, ತನಗೆ ಕೇಳದ ಹಾಗೆ, ಇಷ್ಟನ್ನು ಇವಳು ಮಾಡಿಕೊಂಡಿದ್ದಾಳೆ. ತಾನು ಅಬ್ಬ ಎಂದುಕೊಂಡು ಹಲ್ಲುಜ್ಜಿದ್ದೇನೆ. ಮೇಷ್ಟ್ರು ಮೇಜಿನ ಡ್ರಾಯರಿನಿಂದ ಕಾಗದ ತೆಗೆದು ಬರೆಯತೊಡಗಿದರು. ಬರೆದು ಅವಳ ಕೈಗೆ ಕೊಟ್ಟರು. ಪೆನ್‌ಡ್ರೈವನ್ನು ಅವನ ಮುಂದೆ ಮೇಜಿನ ಮೇಲಿಟ್ಟರು, ಕೈಗೆ ಕೊಡಲಿಲ್ಲ.

ಮೆಟ್ಟಿಲಿಳಿಯುವಾಗ ಅವನು ಹಿಂದಿದ್ದ. ‘ನೋಡು, ಅವತ್ತು ನಾನು ಹಾಗೆ...’ ಎಂದ. ಅವಳು ನಿಲ್ಲಲಿಲ್ಲ. ‘ಏನಾದ್ರೂ ಮಾತಾಡೇ. ಬೈಯಿ ಬೇಕಾದ್ರೆ’ ಎಂದ. ಬಸ್ಸು ಬಂತು. ಅವಳು ಮುಂದಿನ ಬಾಗಿಲಿನಿಂದ ಹತ್ತಿ ಹೆಂಗಸರ ಸಾಲಿನಲ್ಲಿ ಕೂತಳು. ಅವನಿಗೆ ಸಿಕ್ಕಿದ್ದು ಹಿಂದಿನ ಉದ್ದ ಸೀಟಿನ ನಡುವೆ, ಇಬ್ಬರ ಬೆವರಿನ ಮಧ್ಯೆ ಒಂದಿಷ್ಟು ಜಾಗ. ಕಂಡಕ್ಟರು ಅವಳ ಗುರುತು ಹಿಡಿದು ಏನೋ ಕೇಳಿದ. ‘ಹೂಂ ಕಣಪ್ಪಾ, ಸೋಮವಾರದಿಂದ ಬರ್ತೀನಿ. ತಡವಾಗಿ ಬಂದ್ರೆ ಹೆಸರು ಹಿಡಿದು ಕೂಗ್ತೀನಿ ನೋಡು!’ ಎಂದಳು ಅವಳು. ಇಡೀ ಬಸ್ಸಿಗೆ ಕೇಳಿತು. ನಾಲ್ಕಾರು ಜನ ನಕ್ಕರು. ಪಕ್ಕದ ಮುದುಕಿಯೊಡನೆ ಮಾತಿಗಿಳಿದಳು, ಮುಂದಿನ ಸೀಟಿನ ಮಗುವನ್ನು ಮಾತಾಡಿಸಿದಳು. ಅವಳು ಹೀಗೆ ವಾಚಾಳಿ ಎಂಬುದೇ ಅವನಿಗೆ ಮರೆತುಹೋಗಿತ್ತು. ನಡುವೆ ಅವಳು ತಲೆ ತಗ್ಗಿಸಿ ಮೊಬೈಲಿನಲ್ಲಿ ಏನೋ ಬರೆದದ್ದು ಕಂಡಿತು. ಅವನ ಕಿಸೆಯಲ್ಲಿ ಫೋನು ನಡುಗಿತು.

‘ನಿಮ್ಮ ಮೈಕಿಗೆ ನನ್ನ ಉಗುಳು ತಾಗಿರಲಿಲ್ಲ. ಮೊದಲ ದಿನದಿಂದಲೂ ಕರ್ಚೀಫು ಕಟ್ಟಿಕೊಂಡೇ ಹೇಳ್ತಿದ್ದೆ. ನಿಮಗೆ ಕೊಳೆ ಅಂದ್ರೆ ಆಗಲ್ಲ ಅಂತ ಗೊತ್ತಿತ್ತಲ್ಲ.’

ಓದಿದ. ಮತ್ತೆ ಓದಿದ. ಉತ್ತರ ಬರೆಯಲು ಹೋದರೆ ಬೆವರಿದ ಬೆರಳನ್ನು ಪರದೆ ಗುರುತೇ ಹಿಡಿಯಲಿಲ್ಲ. ಹೋಗಲಿ, ಇಲ್ಲಿಂದಲೇ ಅವಳನ್ನು ಹೆಸರು ಹಿಡಿದು ಕೂಗಿಬಿಡುತ್ತೇನೆ, ಎಲ್ಲರೂ ಕೇಳಿದರೆ ಕೇಳಲಿ ಎಂದು ಬಾಯಿ ತೆರೆದ. ಮಾತು ಬರಲಿಲ್ಲ. ಗಂಟಲಲ್ಲಿ ಏನೋ ಕಟ್ಟಿಕೊಂಡಿತ್ತು, ಮಂದವಾಗಿ, ಜಿಗುಟಾಗಿ. ಅದನ್ನು ಸರಿಸಲೆಂದು ಖ್ಖ ಎಂದ. ಒಮ್ಮೆಗೆ ಹೋಗಲಿಲ್ಲ, ಮತ್ತೆ ಖ್ಖ ಎಂದು ಜೋರಾಗಿ ಎಳೆದುಕೊಂಡ. ಪಕ್ಕದಲ್ಲಿ ಕೂತಿದ್ದವನು ಮುಖ ಕಿವುಚಿ, ಅಂಗಿಯ ಅಂಚನ್ನು ಅವನಿಗೆ ತಾಗದ ಹಾಗೆ ಎಳೆದುಕೊಂಡು, ಆಚೆ ಸರಿದು ಕೂತ.